ಪೆಟ್ಟಿಗೆಯ ಮೂರನೇ ಕೋಟ್

ಮಂಗಳವಾರ ಕೆಲಸ ಮುಗಿಸಿ ಬಂದ ಕ್ಲೈವ್ ಬ್ರೆನ್ನನ್ ಬೂಟು ಸಹ ಬಿಚ್ಚದೆ ಗ್ಯಾರೇಜಿಗೆ ಹೋದ. ಎಂಟು ಅಡಿ ಉದ್ದದ ಪ್ಲೈವುಡ್ ಪೆಟ್ಟಿಗೆಯೊಳಗೆ ಕೈ ಹಾಕಿ ನೋಡಿದ. ಮರಕ್ಕೆ ನೀರು ಇಳಿಯದಂತೆ ಹಿಂದಿನ ದಿನ ಬಳಿದ ಎರಡನೇ ಕೋಟ್ ಸೀಲರ್ ಇನ್ನೂ ಬೆರಳಿಗೆ ಅಂಟುತ್ತಿತ್ತು. ಒಂದು ಕೋಟ್ ಒಣಗಲು ಒಂದು ದಿನ, ಚಳಿ ಇದ್ದರೆ ಎರಡು ದಿನ ಬಿಡಿ ಎಂದು ಡಬ್ಬದ ಮೇಲೆ ಬರೆದಿತ್ತು. ಟುವೂಂಬಾದಲ್ಲಿ ಜುಲೈ ಎಂದರೆ ನಡು ಚಳಿಗಾಲ, ಬೆಳಿಗ್ಗೆ ಕಾರಿನ ಗಾಜಿನ ಮೇಲಿಂದ ಹಿಮ ಕೆರೆದು ಹೊರಡುವ ಕಾಲ. ಎರಡು ದಿನ ಅವನ ಹತ್ತಿರ ಇರಲಿಲ್ಲ.

ಶುಕ್ರವಾರ ಹೆಂಡತಿ ನೋಲೀನ್‌ಳ ತಾಯಿ ಸೊಂಟಕ್ಕೆ ಹೊಸ ಕೀಲು ಹಾಕಿಸಿಕೊಂಡು ಆಸ್ಪತ್ರೆಯಿಂದ ನೇರ ಇವರ ಮನೆಗೇ ಬರುವವರಿದ್ದರು. ಮನೆಗಿರುವುದು ಒಂದೇ ಬಚ್ಚಲು. ಆ ಬಚ್ಚಲಿನ ತೊಟ್ಟಿಯಲ್ಲಿ ಮೂರು ವಾರದಿಂದ ನೆವಿಲ್ ಬಿದ್ದುಕೊಂಡಿದ್ದ. ನೆವಿಲ್ ಎಂದರೆ ಮೂತಿಯಿಂದ ಬಾಲದ ತುದಿಗೆ ಐದೂವರೆ ಅಡಿಯ ಉಡ. ಕ್ಲೈವ್ ಅವನನ್ನು ಅಂಗೈಯಗಲದ ಮರಿ ಇದ್ದಾಗಿನಿಂದ, ಹನ್ನೆರಡು ವರ್ಷ, ಸಾಕಿದ್ದ.

ಅವನಿದ್ದ ಹಳೇ ಪೆಟ್ಟಿಗೆ ಮರದ ಹೊಟ್ಟು ಒತ್ತಿ ಮಾಡಿದ ಅಗ್ಗದ ಹಲಗೆಯದು. ನೆವಿಲ್ ನೀರಿನ ಬೋಗುಣಿ ಮಗುಚಿ ಮಗುಚಿ ತಳವೆಲ್ಲ ಊದಿ, ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಹಾಗೆ ಕಳಚಿಬಿದ್ದಿತ್ತು. ಮೂಲೆಗಳಿಗೆ ಸೀಲ್ ಹಾಕಿರಲಿಲ್ಲ. ಸೋಮಾರಿತನ, ಬೇರೆ ಕಾರಣವೇನೂ ಇರಲಿಲ್ಲ.

"ಶುಕ್ರವಾರದೊಳಗೆ ತೊಟ್ಟಿ ಖಾಲಿ ಆಗ್ಬೇಕು," ಎಂದಿದ್ದಳು ನೋಲೀನ್. "ಇಲ್ಲಾಂದ್ರೆ ಡೇಲ್‌ಗೆ ಫೋನ್ ಮಾಡು. ನಮ್ಮಮ್ಮ ಉಡದ ಜೊತೆ ಸ್ನಾನ ಮಾಡಲ್ಲ."

ಡೇಲ್ ಪಕ್ಕದ ಊರು ಗ್ಯಾಟನ್ನಿನವನು. ಉಡ ಸಾಕುವ ಪರವಾನಗಿ ಇದ್ದು, ಬೆಚ್ಚನೆ ಜಾಗವೂ ಇದ್ದವನು ಹತ್ತಿರದಲ್ಲಿ ಅವನೊಬ್ಬನೇ. ತನ್ನ ಎರಡು ಹೆಣ್ಣು ಉಡಗಳಿಗೆ ಜೋಡಿಯಾಗಿ ನೆವಿಲ್ ಬೇಕೆಂದು ಮೂರು ವರ್ಷದಿಂದ ಬೆನ್ನು ಬಿದ್ದಿದ್ದ. ಸ್ವಲ್ಪ ದಿನ ಇಟ್ಟುಕೊಳ್ಳುತ್ತೀಯಾ ಎಂದು ಕೇಳಿದ್ದಕ್ಕೆ, "ಇದೇನು ಧರ್ಮಛತ್ರಾನಾ? ಬಂದ್ರೆ ಪೂರ್ತಿ ಬರ್ಬೇಕು, ವಾಪಸ್ ಕೊಡಲ್ಲ," ಎಂದು ಮುಖದ ಮೇಲೆ ಹೇಳಿದ್ದ.

ಕ್ಲೈವ್ ಬ್ರಷ್ ಅದ್ದಿ, ಅಂಟುವ ಕೋಟಿನ ಮೇಲೆಯೇ ಮೂರನೆಯದನ್ನು ಬಳಿದ. ಇನ್ನೊಮ್ಮೆ ಬಳಿಯುವ ಪಾಡು ಬೇಡವೆಂದು ದಪ್ಪಗೆ ಬಳಿದ.

ಬುಧವಾರ ಮೇಲೆಲ್ಲ ಗಟ್ಟಿಯಾಗಿ, ಹೊಳೆಯುತ್ತಿತ್ತು. ಮೂಲೆಗಳ ಸಂದಿಗೆ ಸಿಲಿಕೋನ್ ಅಂಟು ಹಾಕಿ, ಸೋಪಿನ ನೀರಲ್ಲಿ ಅದ್ದಿದ ಬೆರಳಿನಿಂದ ಎಳೆದು ನಯ ಮಾಡಿದ. ಆಮೇಲೆ ಖಾಲಿ ಪೆಟ್ಟಿಗೆಯೊಳಗೆ ಎರಡೂ ಶಾಖದ ದೀಪ ಹೊತ್ತಿಸಿ, ಗಾಜಿನ ಬಾಗಿಲು ಎಳೆದ. ಸಾಕುವವರೆಲ್ಲ ಹೀಗೇ ಮಾಡುವುದು. ಖಾಲಿ ಪೆಟ್ಟಿಗೆಯನ್ನು ಬೇಯಿಸಬೇಕು, ಬಾಗಿಲು ತೆಗೆದು ತಲೆ ತೂರಿಸಿ ಮೂಸಬೇಕು. ಸೀಲರಿನ ವಾಸನೆ ಇದ್ದರೆ ಇನ್ನೂ ಬೇಯಿಸಬೇಕು. ವಾಸನೆ ಇರುವಾಗಲೇ ಒಳಗೆ ಬಿಟ್ಟರೆ ಪ್ರಾಣಿ ಎರಡು ದಿನ ಬಾಯಿ ಬಿಟ್ಟುಕೊಂಡು ಉಸಿರೆಳೆದು ಸಾಯುತ್ತದೆ.

ತೊಂದರೆ ಎಂದರೆ, ಕ್ಲೈವ್‌ಗೆ ವಾಸನೆ ತಿಳಿಯುತ್ತಿರಲಿಲ್ಲ. ಇಪ್ಪತ್ತಾರು ವರ್ಷ ಚರ್ಮ ಹದ ಮಾಡುವ ಕಾರ್ಖಾನೆಯಲ್ಲಿ ದುಡಿದ ಮೂಗು ಯಾವತ್ತೋ ಕೈಕೊಟ್ಟಿತ್ತು. ಮನೆಯಲ್ಲಿದ್ದ ಇನ್ನೊಂದು ಮೂಗು ನೋಲೀನ್‌ಳದು.

ಗುರುವಾರ ಬೆಳಿಗ್ಗೆ ಅವಳು ಕೆಲಸದ ನೀಲಿ ಅಂಗಿ ತೊಟ್ಟು, ಟೋಸ್ಟ್ ಕಚ್ಚುತ್ತಲೇ ಗ್ಯಾರೇಜಿಗೆ ಬಂದಳು.

"ತಲೆ ಒಳಗಿಡ್ಬೇಕಾ?"

"ಹೂಂ. ಪೂರ್ತಿ."

"ಮದುವೇಲಿ ಫಾದರ್ ಇದನ್ನ ಹೇಳಿರ್ಲಿಲ್ಲಪ್ಪ." ಟೋಸ್ಟನ್ನು ಅವನ ಕೈಗೆ ಕೊಟ್ಟು ಬಗ್ಗಿದಳು. ತಲೆ ತೂರಿಸಿ, ತೆಗೆದಳು. "ಇಲ್ಲ. ಏನೂ ಇಲ್ಲ."

"ಸರಿಯಾಗಿ ನೋಡಿದ್ಯಾ?"

"ಇಲ್ಲ ಅಂದ್ನಲ್ಲ ಮಾರಾಯ. ನಂಗೆ ಹೊತ್ತಾಯ್ತು, ಬೇಗ ಹಾಕು."

ಕ್ಲೈವ್ ಬಚ್ಚಲಿಗೆ ಹೋಗಿ, ಒಂದು ಕೈ ನೆವಿಲ್‌ನ ಎದೆಯಡಿ, ಇನ್ನೊಂದು ಬಾಲದ ಬುಡಕ್ಕೆ ಕೊಟ್ಟು ಎತ್ತಿದ. ಉಗುರುಗಳು ತೋಳಿಗೆ ಕಚ್ಚಿಕೊಂಡವು. ಅವನನ್ನು ಹೊತ್ತು ತಂದು, ಪೆಟ್ಟಿಗೆಯ ಬಾಗಿಲನ್ನು ಮೊಣಕೈಯಲ್ಲಿ ಸರಿಸಿದ. ಉಡದ ಮುಂಗಾಲು ಒಳಗಿತ್ತು.

"ತೆಗಿ," ಎಂದಳು ನೋಲೀನ್. ಅವಳಿನ್ನೂ ಹೋಗಿರಲಿಲ್ಲ.

"ಏನು?"

"ಹೊರಗೆ ತೆಗಿ ಅವನನ್ನ. ವಾಸನೆ ಇದೆ. ಕಣ್ಣು ಉರಿಯೋಷ್ಟಿದೆ."

ಕ್ಲೈವ್ ಉಡವನ್ನು ಎದೆಗೆ ಎಳೆದುಕೊಂಡು ಅವಳನ್ನು ನೋಡಿದ. "ಮತ್ತೆ ಇಲ್ಲ ಅಂದೆ?"

"ಅಂದೆ. ಸಾಕಾಗಿ ಅಂದೆ."

"ಸಾಯ್ತಿದ್ದ ಇವನು."

"ಗೊತ್ತು. ಅದಕ್ಕೇ ಹೇಳಿದ್ನಲ್ಲ ಈಗ."

ಕ್ಲೈವ್ ಬಚ್ಚಲಿಗೆ ನಡೆದ. ನೆವಿಲ್‌ನನ್ನು ಮತ್ತೆ ತೊಟ್ಟಿಗೆ ಬಿಟ್ಟು ಬಂದು ಹೆಬ್ಬೆರಳಿನ ಉಗುರನ್ನು ಪೆಟ್ಟಿಗೆಯ ತಳಕ್ಕೆ ಒತ್ತಿದ. ಹಾಲಿನ ಕೆನೆಯ ಹಾಗೆ ಸುಕ್ಕಾಯಿತು. ಅಡಿಯಲ್ಲಿ ಎರಡನೇ ಕೋಟ್ ಹಸಿ ಹಸಿ. ಇನ್ನು ಎಲ್ಲವನ್ನೂ ಕೆರೆದು ಮೊದಲಿಂದ ಬಳಿಯಬೇಕು. ಒಣಗಿ, ಬೆಂದು, ವಾಸನೆ ಹೋಗಲು ಎರಡು ವಾರ.

ನೋಲೀನ್ ಬಾಗಿಲಲ್ಲಿ ನಿಂತು ಉಳಿದ ಟೋಸ್ಟ್ ತಿಂದಳು. "ಎಷ್ಟು ದಿನ?"

"ಎರಡು ವಾರ."

"ಇರ್ಲಿ ಬಿಡು ತೊಟ್ಟೀಲಿ. ಅಮ್ಮನಿಗೆ ರೂಮಲ್ಲೇ ಬಿಸಿನೀರಲ್ಲಿ ಒರೆಸ್ತೀನಿ. ಹನ್ನೊಂದು ಮಂದಿಗೆ ಮಾಡೋದು, ಇದು ಹನ್ನೆರಡನೇದು."

ವೃದ್ಧಾಶ್ರಮದಲ್ಲಿ ಅವಳ ಪಾಳಿಗೆ ಹನ್ನೊಂದು ಮುದುಕ ಮುದುಕಿಯರು. ದಿನಾ ಅವರನ್ನು ಹೊರಳಿಸಿ, ಎತ್ತಿ, ಒರೆಸಿ ಬರುತ್ತಿದ್ದಳು. ಬಂದಮೇಲೆ ಕೆಟಲ್ ಎತ್ತಲೂ ಎರಡು ಕೈ ಬೇಕಾಗುತ್ತಿತ್ತು. ಹೇಳಿದ್ದನ್ನು ಅವಳು ಮಾಡುತ್ತಾಳೆ, ಗೊಣಗುತ್ತಲಾದರೂ ಮಾಡುತ್ತಾಳೆ ಎಂದು ಕ್ಲೈವ್‌ಗೆ ಗೊತ್ತಿತ್ತು.

"ಬೇಡ," ಎಂದ.

"ಬೇಡ ಅಂದ್ರೆ?"

"ಡೇಲ್‌ಗೆ ಫೋನ್ ಮಾಡ್ತೀನಿ."

"ಕೊಡಲ್ಲ ಅವನು ಆಮೇಲೆ."

"ಕೊಡಲ್ಲ. ನೀನು ಹೊರಡು, ಹೊತ್ತಾಯ್ತು."

ಡೇಲ್ ನಾಲ್ಕು ಗಂಟೆಗೆ ಬಟ್ಟೆ ಚೀಲ, ಮರದ ಡಬ್ಬ ಹಿಡಿದುಕೊಂಡು ಬಂದ. ಪೆಟ್ಟಿಗೆ ನೋಡಿ, "ಒಳ್ಳೇ ಕೆಲಸ. ಅವಸರ ಮಾಡಿದ್ಯಲ್ಲೋ," ಎಂದ. ಕ್ಲೈವ್ ತಾನೇ ನೆವಿಲ್‌ನನ್ನು ಚೀಲಕ್ಕೆ ಇಳಿಸಿ, ಬಾಲ ಮಡಚಿ, ಚೀಲದ ಬಾಯಿಗೆ ಗಂಟು ಹಾಕಿದ. ಉಡವನ್ನು ಒಪ್ಪಿಸುವ ಕಾಗದಕ್ಕೆ ಸಹಿ ಮಾಡಿದ. "ಮೊಟ್ಟೇನ ಸಿಪ್ಪೆ ಸಮೇತ ಹಾಕು. ಒಡೆದು ಕೊಟ್ರೆ ಮುಟ್ಟಲ್ಲ," ಎಂದ. ಡೇಲ್ ತಲೆಯಾಡಿಸಿದ. ಗಾಡಿ ಹೋಯಿತು.

ಕ್ಲೈವ್ ತೊಟ್ಟಿಯನ್ನು ಬ್ಲೀಚ್ ಹಾಕಿ ಮೂರು ಸಲ ತಿಕ್ಕಿದ. ಮೂರು ವಾರದ ಉಗುರಿನ ಗೀರು ಹೋಗಲಿಲ್ಲ. ಡ್ರಿಲ್ಲಿಗೆ ಟೈಲ್ಸ್ ಕೊರೆಯುವ ಬಿಟ್ ಹಾಕಿ, ಅತ್ತೆ ಹಿಡಿದು ಏಳಲೆಂದು ಗೋಡೆಗೊಂದು ಉಕ್ಕಿನ ಸರಳು ಕೂರಿಸಿದ. ಗಟ್ಟಿ ಕೂತಿದೆಯೋ ಇಲ್ಲವೋ ನೋಡಲು ಖಾಲಿ ತೊಟ್ಟಿಯೊಳಗೆ ಕೂತು, ಎರಡೂ ಕೈಯಿಂದ ಅದನ್ನು ಹಿಡಿದು ಮೇಲೆದ್ದ. ಅಲುಗಲಿಲ್ಲ.