ಮೂರು ನಕ್ಷತ್ರದ ಮಸಿಬಟ್ಟೆ

ಈ ಕುರ್ಚಿಯ ಒಂದು ಕಾಲು ಗಿಡ್ಡ, ಸ್ವಲ್ಪ ಅಲ್ಲಾಡಿದರೂ ಟಕ್ ಅನ್ನುತ್ತದೆ, ನಾಲ್ಕು ತಿರುಪು ಒಂದು ಕೀಲಿ ಕೊಟ್ಟು ನೀವೇ ಜೋಡಿಸಿಕೊಳ್ಳಿ ಅನ್ನುವ ಜಾತಿಯದು, ಎರಡು ನಕ್ಷತ್ರಕ್ಕಿಂತ ಹೆಚ್ಚು ಕೊಡಲಾರೆ — ನೋಡು, ತಂಗಿಯ ಮನೆಗೆ ಬಂದು ಹತ್ತು ನಿಮಿಷ ಆಗಿಲ್ಲ, ಆಗಲೇ ಅವಳ ಕುರ್ಚಿಗೆ ಅಂಕ ಹಾಕುತ್ತಾ ಕೂತಿದ್ದೇನೆ, ಇವರು ನನ್ನನ್ನು ಇನ್ಸ್‌ಪೆಕ್ಟರ್ ಅಂತ ಕರೆಯುವುದು ಸುಮ್ಮನೆ ಅಲ್ಲ, ಮದುವೆಯಾದ ಇಷ್ಟು ವರ್ಷದಲ್ಲಿ ನನ್ನ ಬಗ್ಗೆ ಇವರು ಸರಿಯಾಗಿ ಕಂಡುಹಿಡಿದದ್ದು ಅದೊಂದೇ. ಹತ್ತೂವರೆ. ಟೈಲರಮ್ಮ ಹನ್ನೊಂದಕ್ಕೆ ಬರುತ್ತಾಳಂತೆ, ಕಿಟಕಿಯ ಪಕ್ಕದ ಈ ಹೊಲಿಗೆ ಮೆಷಿನ್ ಇನ್ನು ಅವಳದು, ತಂಗಿಗೆ ಅಂಗಡಿಯಲ್ಲಿ ರಜೆ ಸಿಗಲಿಲ್ಲ, ಅಕ್ಕಾ ನೀನೇ ಒಂದು ಗಳಿಗೆ ಹೋಗಿ ಕೊಟ್ಟುಬಿಡು, ಬೀಗದ ಕೈ ಪಕ್ಕದ ಮನೇಲಿದೆ, ಮೆಷಿನ್ ಡ್ರಾಯರು ಖಾಲಿ ಮಾಡೋಕೆ ಮರೆತೆ, ಅದರಲ್ಲಿರೋದನ್ನೆಲ್ಲ ಒಂದು ಕವರಿಗೆ ಸುರಿದಿಡು, ಅಷ್ಟೇ. ಅಷ್ಟೇ ಅಂದಳು. ಧ್ವನಿಯಲ್ಲಿ ಏನೂ ಇರಲಿಲ್ಲ, ಹಳೇ ಪೇಪರ್ ಮಾರುವವರ ಧ್ವನಿ. ಇನ್ನೂ ಅರ್ಧ ಗಂಟೆ ಇದೆ ನನಗೆ, ಫೋನ್ ಎತ್ತಿ ಹೇಳಿದರೆ ಆಯಿತು, ಮೆಷಿನ್ ಕೊಡಬೇಡ ಕಣೇ, ಆ ಮೂರು ನಕ್ಷತ್ರ ಕೊಟ್ಟು ದಪ್ಪ ಸಾಲದು ಅಂತ ಬರೆದವಳು ನಾನೇ, ನೀನು ಹೊಲಿದದ್ದರಲ್ಲಿ ಒಂದು ಚೂರೂ ತಪ್ಪಿರಲಿಲ್ಲ, ತಪ್ಪು ನನ್ನದು — ನಾಲ್ಕು ಮಾತು, ಎರಡು ವರ್ಷದಿಂದ ಗಂಟಲಲ್ಲೇ ಇದೆ. ಫೋನ್ ಕೈಯಲ್ಲಿದೆ. ಕುರ್ಚಿ ಟಕ್ ಅನ್ನುತ್ತದೆ.

ಎದುರಿಗೆ ಹೇಳು ಅಂದರೆ ನಾಲಿಗೆ ಏಳುವುದಿಲ್ಲ, ಸಾಮಾನು ತರಿಸುವ ವೆಬ್‌ಸೈಟಿನಲ್ಲಿ ಅಭಿಪ್ರಾಯ ಬರೆ ಅಂದರೆ ಮಾತ್ರ ನನ್ನನ್ನು ಹಿಡಿಯುವವರಿಲ್ಲ. ಆ ಅಂಟದ ಬಾಣಲೆ, ಮೂರನೆಯ ತಿಂಗಳಿಗೇ ಅದರ ಕರಿ ಲೇಪ ಸುಲಿದು ಮೊಟ್ಟೆಯ ಮೇಲೆಲ್ಲ ಉದುರಿತ್ತು, ಇವರು ಮೆಣಸಿನ ಪುಡಿ ಅಂದುಕೊಂಡು ಪೂರ್ತಿ ತಿಂದು, ಯಾಕೋ ಇವತ್ತು ಖಾರ ಸಾಲದು ಅಂದರು, ಅದಕ್ಕೆ ಒಂದು ನಕ್ಷತ್ರ ಮತ್ತು ಹದಿನಾಲ್ಕು ಸಾಲು. ತುರಿಯುವ ಮಣೆ, ಕ್ಯಾರೆಟ್ಟಿಗಿಂತ ನನ್ನ ಬೆರಳ ಗೆಣ್ಣನ್ನೇ ನುಣ್ಣಗೆ ತುರಿಯಿತು, ಒಂದು. ಕೆಂಪು ಉಲ್ಲನ್, ಟೋಪಿ ಹೆಣೆದು ಒಂದು ಸಲ ನೀರಿಗೆ ಹಾಕಿದ್ದೇ ತಡ ಬಕೆಟ್ಟೆಲ್ಲ ಕೆಂಪು, ಜೊತೆಗಿದ್ದ ಇವರ ಬಿಳಿ ಅಂಗಿಯೂ ನಾಚಿಕೊಂಡ ಹಾಗೆ ಕೆಂಪು. ಬಿಸಿ ಅಂಟು ಸುರಿಸುವ ಗನ್ನು, ನೆಗಡಿಯಾದ ಮಗುವಿನ ಮೂಗು. ಆದರೆ ಕೊಂಕು ತೆಗೆಯುವುದೊಂದೇ ನನ್ನ ಕಸುಬಲ್ಲ, ಕಿತ್ತಳೆ ಹಿಡಿಯ ಕತ್ತರಿಗೆ ಐದು ಕೊಟ್ಟಿದ್ದೇನೆ, ಹನ್ನೆರಡು ವರ್ಷದಿಂದ ಬಟ್ಟೆ, ರಟ್ಟು, ಹಾಲಿನ ಪ್ಯಾಕೆಟ್ಟು ಏನು ಕೊಟ್ಟರೂ ಇಲ್ಲ ಅಂದಿಲ್ಲ, ಬೀಟೆ ಮರದ ಆ ಸೌಟಿಗೂ ಐದು, ಬಿಸಿಗೆ ಬಿರುಕು ಬಿಡದೆ ತುದಿ ಸವೆದು ನನ್ನ ಬಾಣಲೆಯ ಆಕಾರಕ್ಕೇ ಬಂದುಬಿಟ್ಟಿದೆ, ಅದರ ಬಗ್ಗೆ ಬರೆಯುವಾಗ ಕಣ್ಣು ಒದ್ದೆಯಾಗಿತ್ತು, ಗಂಡನ ಬಗ್ಗೆ ಹಾಗೆ ಯಾವತ್ತು ಬರೆದಿದ್ದೀಯ ಅಂತ ಇವರು ಕೇಳಿದ್ದರು. ಹಳದಿ ಕೊಡೆ ಅನ್ನುವ ಹೆಸರಲ್ಲಿ ಬರೆಯುತ್ತೇನೆ, ಮನೆಯಲ್ಲಿ ಇವರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ, ಆದರೆ ಆ ವೆಬ್‌ಸೈಟಿನಲ್ಲಿ ಹಳದಿ ಕೊಡೆ ಅಂದರೆ ಒಂದು ತೂಕ ಇದೆ, ಹಳದಿ ಕೊಡೆ ಹೇಳಿದ್ದಾರೆ ಅಂದಮೇಲೆ ಸರಿಯೇ ಇರುತ್ತೆ ಅಂತ ಯಾರೋ ಬರೆದಿದ್ದರು ಒಮ್ಮೆ, ಆ ಸಾಲನ್ನು ಎಷ್ಟು ಸಲ ಓದಿದ್ದೇನೋ. ಹೊಗಳಿಕೆಗೆ ಸೋಲದವರು ಯಾರು ಅಂತ ಆಗ ಅನ್ನಿಸಿತ್ತು, ಈಗ ಹಾಗೆ ಅಂದುಕೊಂಡರೆ ಮೈ ಉರಿಯುತ್ತದೆ.

ತಂಗಿ ಕೆಲಸ ಮಾಡುತ್ತಿದ್ದ ಆಫೀಸು ಮುಚ್ಚಿದಾಗ ಅವಳು ಅಳಲಿಲ್ಲ, ಮೂರು ದಿನ ಮಲಗಿದಳು, ನಾಲ್ಕನೆಯ ದಿನ ಎದ್ದು ಈ ಮೆಷಿನ್ ತಂದಳು, ಹಳೆಯದು, ಸೆಕೆಂಡ್ ಹ್ಯಾಂಡ್, ನೆಲದ ಮೇಲಿಟ್ಟು ಹೊಲಿಯುವ ಪುಟ್ಟದು, ಚಕ್ರ ತಿರುಗಿಸಿದರೆ ಬೆಕ್ಕು ಗುರುಗುಟ್ಟಿದ ಸದ್ದು. ಏನು ಹೊಲಿತೀಯೇ ಅಂದರೆ ಮಸಿಬಟ್ಟೆ ಅಂದಳು, ಬಿಸಿ ಪಾತ್ರೆ ಇಳಿಸೋಕೆ ಎಲ್ಲರೂ ಹರಿದ ಟವೆಲ್ಲೋ ಹಳೇ ಬನಿಯನ್ನೋ ಹಿಡ್ಕೊಂಡು ಒದ್ದಾಡ್ತಾರಲ್ಲ, ಕೈಗೆ ಒಪ್ಪೋ ಹಾಗೆ ಒಂದು ಮಾಡಿಕೊಟ್ರೆ ಯಾಕೆ ತಗೊಳಲ್ಲ. ಬಣ್ಣದ ತುಂಡು ಬಟ್ಟೆ, ಒಳಗೆ ಹತ್ತಿ, ಎಲ್ಲ ಸೇರಿ ನಾಲ್ಕು ಪದರ, ಮೇಲೆ ಅಡ್ಡಗೆರೆಯ ಹೊಲಿಗೆ, ಎಲೆಯ ಆಕಾರ, ನಡುವೆ ಮಡಚಿದರೆ ಪಾತ್ರೆಯ ಅಂಚಿಗೆ ಬಾಯಿ ಹಾಕಿದಂತೆ ಕೂರುತ್ತಿತ್ತು. ಅದೇ ವೆಬ್‌ಸೈಟಿನಲ್ಲೇ ಮಾರಲು ಇಟ್ಟಳು. ಮೊದಲ ವಾರ ಯಾರೂ ಕೇಳಲಿಲ್ಲ, ಎರಡನೆಯ ವಾರವೂ ಇಲ್ಲ, ದಿನಕ್ಕೆ ಹತ್ತು ಸಲ ಫೋನ್ ನೋಡುತ್ತಾಳೆ, ಮುಖ ಸಣ್ಣಗೆ ಮಾಡಿಕೊಳ್ಳುತ್ತಾಳೆ, ನನಗೆ ನೋಡಲಾಗದೆ ಹಳದಿ ಕೊಡೆಯ ಹೆಸರಲ್ಲಿ ನಾಲ್ಕು ತರಿಸಿದೆ, ನನ್ನ ಮನೆಗಲ್ಲ, ನಮ್ಮ ಆಫೀಸಿಗೆ, ಸ್ಟೋರ್ ನೋಡಿಕೊಳ್ಳುವವನ ಕೈಗೆ ಬರುವ ಹಾಗೆ. ಅವತ್ತು ಸಂಜೆ ಅವಳು ಕುಣಿದದ್ದೇ ಕುಣಿದದ್ದು, ಅಕ್ಕಾ ನಾಲ್ಕು, ಒಟ್ಟಿಗೆ ನಾಲ್ಕು, ಯಾರೋ ದೊಡ್ಡ ಮನಸ್ಸಿನವರು. ನಾನು ದೊಡ್ಡ ಮನಸ್ಸಿನವಳು. ಪಾರ್ಸೆಲ್ ಬಂತು, ಮನೆಗೆ ತಂದೆ, ಸಿಂಕಿನ ಅಂಚಲ್ಲಿ ಒಂದನ್ನು ಇಟ್ಟಿದ್ದೆ, ಹಾಲು ಉಕ್ಕಿತು, ಗಡಿಬಿಡಿಯಲ್ಲಿ ಅದನ್ನೇ ಹಿಡಿದು ಪಾತ್ರೆ ಎತ್ತಿದೆ, ಹೆಬ್ಬೆರಳು ಚುರ್ ಅಂದಿತು, ಗುಳ್ಳೆ ಎದ್ದಿತು. ಆ ಗುಳ್ಳೆಯನ್ನು ಊದಿಕೊಳ್ಳುತ್ತಲೇ ಬರೆಯಲು ಕೂತೆ, ಮೊದಲು ಐದು ಒತ್ತಿದೆ, ಆಮೇಲೆ ಅನ್ನಿಸಿತು ಐದು ಕೊಟ್ಟರೆ ಮನೆಯವರೇ ಬರೆದ ಹಾಗೆ ಕಾಣುತ್ತದೆ, ಹಳದಿ ಕೊಡೆ ಯಾರ ಮುಲಾಜಿಗೂ ಬಿದ್ದವಳಲ್ಲ, ನಾಲ್ಕು, ಬೆರಳು ಉರಿಯುತ್ತಿತ್ತು, ಮೂರು. ಹೊಲಿಗೆ ಅಚ್ಚುಕಟ್ಟು, ಬಣ್ಣ ಚಂದ, ಆದರೆ ದಪ್ಪ ಸಾಲದು, ಬಿಸಿ ಕೈಗೆ ತಾಗುತ್ತದೆ. ಬರೆದು ಓದಿಕೊಂಡೆ, ಎಷ್ಟು ನ್ಯಾಯವಾಗಿ ಬರೆದಿದ್ದೇನೆ ಅಂತ ನನ್ನ ಬೆನ್ನು ನಾನೇ ತಟ್ಟಿಕೊಂಡೆ. ವಾರದ ಮೇಲೆ ಇವರು ನೋಡಿದರು, ನಾನು ಮತ್ತೆ ಸಿಂಕಿನ ಅಂಚಿಂದ ಅದನ್ನೆತ್ತಿಕೊಳ್ಳುವುದನ್ನು, ಅಲ್ಲ ಮಾರಾಯ್ತಿ, ಒದ್ದೆ ಬಟ್ಟೇಲಿ ಬಿಸಿ ಹಿಡಿದ್ರೆ ಸುಡದೆ ಏನು ತಂಪಾಗುತ್ತಾ, ನಿನ್ನ ಇನ್ಸ್‌ಪೆಕ್ಟರ್ ಕೆಲಸಕ್ಕೆ ಇಷ್ಟೂ ಗೊತ್ತಿಲ್ವಾ. ಒದ್ದೆ. ಒಣಗಿದ್ದನ್ನು ಹಿಡಿದು ನೋಡಿದೆ, ಕುದಿಯುವ ನೀರಿನ ಪಾತ್ರೆಯನ್ನು ಎತ್ತಿ ನೂರರವರೆಗೆ ಎಣಿಸಿದೆ, ಏನೂ ಆಗಲಿಲ್ಲ. ಅವತ್ತೇ ತಿದ್ದಬಹುದಿತ್ತು, ಒಂದು ಗುಂಡಿ ಒತ್ತುವ ಕೆಲಸ, ಆದರೆ ಅಷ್ಟರಲ್ಲಿ ನಲವತ್ತು ಜನ ಈ ಅಭಿಪ್ರಾಯ ಉಪಯುಕ್ತ ಅಂತ ಒತ್ತಿದ್ದರು, ಹಳದಿ ಕೊಡೆ ಬಟ್ಟೆ ಒದ್ದೆಯೋ ಒಣವೋ ನೋಡದವಳು ಅಂತ ನಲವತ್ತು ಜನರ ಮುಂದೆ ಒಪ್ಪಿಕೊಳ್ಳಬೇಕಿತ್ತು, ನಾಳೆ ಮಾಡೋಣ ಅಂದುಕೊಂಡೆ, ಇದನ್ನು ಎಷ್ಟು ದಿನ ಅಂದುಕೊಂಡೆನೋ ನನಗೇ ಲೆಕ್ಕವಿಲ್ಲ.

ಅದಾಗಿ ಒಂದು ಭಾನುವಾರ ಇಲ್ಲೇ, ಇದೇ ಕುರ್ಚಿಯಲ್ಲಿ ನಾನು, ಮೆಷಿನ್ ಮುಂದೆ ಅವಳು, ಮಸಿಬಟ್ಟೆಗೆ ಇನ್ನಷ್ಟು ಹತ್ತಿ ತುಂಬುತ್ತಿದ್ದಳು, ಯಾಕೇ ಅಷ್ಟು ದಪ್ಪ ಅಂದೆ, ಗೊತ್ತಿದ್ದೂ ಕೇಳಿದೆ. ಯಾರೋ ಬರೆದಿದಾರೆ ಅಕ್ಕ, ದಪ್ಪ ಸಾಲದು ಅಂತ. ಬರೆದವರಿಗೇನೇ, ನಿನ್ನ ಮೊದಲಿನದೇ ಸರಿಯಾಗಿತ್ತು ಅಂದೆ. ನೀನು ಅಕ್ಕ, ಎದುರಿಗೆ ಹಾಗೇ ಹೇಳ್ತೀಯ, ಅವರು ಕೈಯಲ್ಲಿ ಹಿಡಿದು ನೋಡಿ ಬರೆದಿದಾರೆ, ಸುಮ್ಮಸುಮ್ಮನೆ ಯಾಕೆ ಬರೀತಾರೆ, ಅಲ್ವಾ. ಅಲ್ವಾ ಅಂದು ದಾರವನ್ನು ಹಲ್ಲಿಗೆ ಕಚ್ಚಿಕೊಂಡಳು, ತುಂಡು ಮಾಡಲು, ಆದರೆ ಕಡಿಯಲಿಲ್ಲ, ಹಾಗೇ ಕತ್ತೆತ್ತಿ ನನ್ನನ್ನು ನೋಡಿದಳು. ನಾನು ಟೀ ಆರಿಹೋಯ್ತು ಅಂತ ಎದ್ದುಹೋದೆ. ಆಮೇಲೆ ಆರು ಪದರ ಆಯಿತು, ಆಮೇಲೆ ಎಂಟು, ಸೂಜಿ ಪಟಪಟ ಮುರಿಯುತ್ತಿತ್ತು, ಬೆಕ್ಕಿನ ಸದ್ದು ಹೋಗಿ ಕಲ್ಲು ಅಗಿದ ಸದ್ದು, ದಿನಕ್ಕೆ ನಾಲ್ಕು ಹೊಲಿಯುತ್ತಿದ್ದವಳು ಒಂದಕ್ಕೆ ಬಂದಳು, ಬಟ್ಟೆಯನ್ನು ಸೂಜಿಯ ಕೆಳಗೆ ನೂಕಿ ನೂಕಿ ಬಲಗೈಯ ಬೆರಳು ಊದಿಕೊಂಡು ಬಾಚಣಿಗೆ ಹಿಡಿಯಲೂ ಆಗುತ್ತಿರಲಿಲ್ಲ. ಬಿಸಿ ತಾಗುತ್ತಿರಲಿಲ್ಲ, ನಿಜ, ಆದರೆ ಮಡಚಲು ಬಾರದು, ಪಾತ್ರೆ ಹಿಡಿತಕ್ಕೆ ಸಿಗದು, ಕೈಯಿಂದ ಜಾರಿತು ಅಂತ ಒಬ್ಬರು ಬರೆದರು, ಹಲಗೆ ಹಿಡಿದ ಹಾಗಿದೆ ಅಂತ ಇನ್ನೊಬ್ಬರು, ಆಮೇಲೆ ಯಾರೂ ಏನೂ ಬರೆಯಲಿಲ್ಲ. ಅವಳಿಗೆ ಅಂಗಡಿಯ ಪ್ಯಾಕಿಂಗ್ ಕೌಂಟರಿನಲ್ಲಿ ಕೆಲಸ ಸಿಕ್ಕಿತು, ದಿನವಿಡೀ ನಿಂತಿರುವ ಕೆಲಸ. ಮೊದಲಿನ ಹಾಗೇ ನಾಲ್ಕು ಪದರಕ್ಕೇ ಹೋಗೇ ಅಂತ ಎಷ್ಟು ಸಲ ಹೇಳಿದೆ, ಗದರಿಸಿದೆ ಕೂಡ, ಆಗೆಲ್ಲ ಅವಳು ಅದೇ, ಹಲ್ಲಲ್ಲಿ ದಾರ, ಕಡಿಯದೆ, ನನ್ನನ್ನು ನೋಡುತ್ತಾ — ಯಾಕಕ್ಕ, ಯಾಕೆ ಹಾಗೆ ಹೇಳ್ತೀಯ, ನಿಂಗೆ ಹೇಗೆ ಗೊತ್ತು. ಒಂದೇ ಮಾತಿನ ಉತ್ತರ ಅದು. ಒದ್ದೆಯಾಗಿತ್ತು ಕಣೇ ಬಟ್ಟೆ. ನಾನು ಪ್ರತಿ ಸಲವೂ ಮಾತು ಬದಲಿಸಿದೆ.

ಬಾಗಿಲು ಬಡಿಯುತ್ತಿದ್ದಾರೆ, ಹನ್ನೊಂದೂ ಆಗಿಲ್ಲ, ಐದು ನಿಮಿಷ ಮುಂಚೆಯೇ ಬಂದಿದ್ದಾಳೆ, ಮಾತಿಗೆ ತಪ್ಪದ ಜನರೆಂದರೆ ನನಗೆ ಯಾವಾಗಲೂ ಇಷ್ಟ, ಇವತ್ತೊಂದು ದಿನ ತಪ್ಪಿದ್ದರೆ ಏನಾಗುತ್ತಿತ್ತು. ಬನ್ನಿ ಅಂದೆ, ಬಂದಳು, ಗಟ್ಟಿ ಕೈಯ ಹೆಂಗಸು, ಮೆಷಿನ್ನಿನ ಚಕ್ರ ತಿರುಗಿಸಿ ಕಿವಿಗೊಟ್ಟು ಕೇಳಿದಳು, ಶೆಲ್ಫಿನ ಮೇಲಿದ್ದ ಎಂಟು ಪದರದ್ದೊಂದನ್ನು ಎತ್ತಿ ಬಗ್ಗಿಸಲು ನೋಡಿದಳು, ಇದನ್ನ ಈ ಮೆಷಿನ್ನಲ್ಲಿ ಹೊಲಿದ್ರಾ, ಪಾಪ, ಇದಕ್ಕೆ ಇಷ್ಟು ಹೊರೆ ಯಾಕೆ ಹಾಕಿದ್ರಮ್ಮ, ಯಾರು ಹೇಳಿದ್ರು ಇವರಿಗೆ ಇಷ್ಟು ದಪ್ಪ ಮಾಡಿ ಅಂತ. ಯಾರೋ ಅಂದೆ. ಡ್ರಾಯರು ಎಳೆದು ಒಳಗಿದ್ದದ್ದನ್ನೆಲ್ಲ ಕವರಿಗೆ ಸುರಿದೆ, ಸೀಮೆಸುಣ್ಣದ ಚೂರು, ದಾರದ ಉಂಡೆ, ಬೆಂಕಿಪೊಟ್ಟಣದ ತುಂಬ ಮುರಿದ ಸೂಜಿಗಳು, ಮಡಚಿದ ಕಾಗದಗಳು, ಟೈಲರಮ್ಮ ಮೆಷಿನ್ನನ್ನು ಸೊಂಟಕ್ಕೆ ಎತ್ತಿಕೊಂಡಳು, ಹಟಮಾರಿ ಮಗುವನ್ನು ಎತ್ತಿಕೊಳ್ಳುವ ಹಾಗೆ, ಆಗಲೇ ಫೋನ್. ತಂಗಿ. ಬಂದ್ರಾ ಅಕ್ಕ. ಬಂದಿದಾರೆ. ತಗೊಂಡ್ರಾ. ತಗೊಳ್ತಾ ಇದಾರೆ, ಮೆಟ್ಟಿಲು ಇಳೀತಾ ಇದಾರೆ. ಹಿಂದಿನಿಂದ ಅಂಗಡಿಯ ಪ್ಯಾಕಿಂಗ್ ಟೇಪು ಹರಿಯುವ ಸದ್ದು ಎರಡು ಸಲ ಕೇಳಿತು, ಆಮೇಲೆ ಕೇಳಿದಳು, ಅಕ್ಕಾ, ಬೇರೇನಾದ್ರೂ ಹೇಳೋದಿತ್ತಾ. ಬಾಗಿಲು ತೆರೆದೇ ಇತ್ತು, ಮೆಟ್ಟಿಲು ಹನ್ನೆರಡೇ, ಏಯ್ ನಿಲ್ಲಮ್ಮಾ ಅಂದಿದ್ದರೆ ಕೇಳಿಸುತ್ತಿತ್ತು. ಇನ್ನೇನಿರುತ್ತೆ ಅಂದೆ. ಸರಿ ಅಕ್ಕ, ಕೌಂಟರಲ್ಲಿ ಜನ ಇದಾರೆ, ಇಡ್ತೀನಿ.

ಮೆಷಿನ್ ಇದ್ದ ಜಾಗದಲ್ಲಿ ನೆಲ ಬೇರೆ ಬಣ್ಣಕ್ಕಿದೆ, ಬಿಸಿಲು ಬಿದ್ದಿದೆ, ನಾನು ಮತ್ತೆ ಅದೇ ಕುರ್ಚಿಯಲ್ಲಿ ಕೂತು ಕವರಿನಲ್ಲಿರುವುದನ್ನು ಜೋಡಿಸುತ್ತಿದ್ದೇನೆ, ಕೈಗೆ ಏನಾದರೂ ಕೆಲಸ ಬೇಕು, ಸೂಜಿಗಳು ಚುಚ್ಚದ ಹಾಗೆ ಪೊಟ್ಟಣಕ್ಕೊಂದು ರಬ್ಬರು ಹಾಕಿ, ಕಾಗದಗಳನ್ನು ಬಿಡಿಸಿ ಒಂದರ ಮೇಲೊಂದು ಇಟ್ಟು, ಎಲೆಯ ಆಕಾರಕ್ಕೆ ಕತ್ತರಿಸಿದ ಪೇಪರು, ಮಸಿಬಟ್ಟೆಯ ಅಳತೆ, ಮೊದಲನೆಯದರ ಮೇಲೆ ಪೆನ್ಸಿಲ್ಲಿನಲ್ಲಿ ನಾಲ್ಕು ಪದರ ಅಂತ ಅವಳ ದುಂಡು ಅಕ್ಷರ, ಎರಡನೆಯದರ ಮೇಲೆ ಆರು ಅಂತ ಇದೆ, ಕೆಳಗೆ ಇನ್ನೊಂದು ಸಾಲು, ಕನ್ನಡಕ ಮೇಲೆತ್ತಿ ಓದುತ್ತೇನೆ, ಅಕ್ಕನಿಗೆ ಬಿಸಿ ತಾಗಿದೆ, ಇನ್ನೆರಡು ಹಾಕು. ಮತ್ತೊಂದು ಸಲ ಓದುತ್ತೇನೆ. ಅಕ್ಕನಿಗೆ. ಪಾರ್ಸೆಲ್ಲಿನ ಮೇಲೆ ವಿಳಾಸ ಬರೆದವಳು ಅವಳೇ ಅಲ್ಲವಾ, ನಮ್ಮ ಆಫೀಸಿನ ಬೀದಿ, ನಮ್ಮ ಮಹಡಿ, ನಾನು ಕನ್ನಡಕ ಮರೆತ ದಿನ ಅವಳೇ ಮೂರು ಮೆಟ್ಟಿಲು ಒಂದೇ ಹೆಜ್ಜೆಗೆ ಹಾರಿ ಬಂದು ಕೊಟ್ಟುಹೋಗಿದ್ದ ಮಹಡಿ, ಮೊದಲ ದಿನದಿಂದಲೂ ಗೊತ್ತಿತ್ತು ಅವಳಿಗೆ, ದೊಡ್ಡ ಮನಸ್ಸಿನವರು ಯಾರು ಅಂತ ಗೊತ್ತಿದ್ದೇ ಕುಣಿದಳು, ದಪ್ಪ ಮಾಡಿದ್ದು ಗಿರಾಕಿಗಳಿಗಾಗಿ ಅಲ್ಲ, ನಲವತ್ತು ಜನ ಒತ್ತಿದ್ದಕ್ಕಲ್ಲ, ನನ್ನ ಹೆಬ್ಬೆರಳಿಗೆ, ಇನ್ನೆರಡು ಹಾಕು ಅಂತ, ಅದಕ್ಕೂ ಸಾಲದೇನೋ ಅಂತ ಇನ್ನೂ ಎರಡು, ಬೆರಳು ಊದಿಸಿಕೊಂಡು, ನಡುನಡುವೆ ಒಂದೊಂದು ಸಲ ನನ್ನನ್ನು ಕೇಳಿ, ಅಲ್ವಾ ಅಕ್ಕ, ಯಾಕಕ್ಕ, ನಿಂಗೆ ಹೇಗೆ ಗೊತ್ತು, ಕೇಳಿ, ಕಾದು, ಈಗ ಫೋನಿನಲ್ಲೂ ಕಾದಳು, ಬೇರೇನಾದ್ರೂ ಹೇಳೋದಿತ್ತಾ, ನಾನು ಎದ್ದುಹೋಗುತ್ತಿದ್ದೆ, ಟೀ ಆರಿತು ಅನ್ನುತ್ತಿದ್ದೆ, ಅವಳು ಅಲ್ಲೇ, ಮೆಷಿನ್ ಮುಂದೆ, ಹಲ್ಲಲ್ಲಿ ದಾರ, ಕಡಿಯದೆ, ಕತ್ತೆತ್ತಿ, ನನ್ನ ಬಾಯನ್ನೇ ನೋಡುತ್ತಾ, ಹಲ್ಲಲ್ಲಿ ದಾರ, ಕಡಿಯದೆ —