ತಗ್ಗು ಕಂಡರೆ ತಡೆಯದ ಖಾಸಿಂ ಸಾಬ್

ಖಾಸಿಂ ಸಾಬ್ ನಡೆಯುವುದನ್ನು ದೂರದಿಂದ ಕಂಡವರು, ಪಾಪ, ಏನನ್ನೋ ಕಳೆದುಕೊಂಡು ಹುಡುಕುತ್ತಿದ್ದಾರೆ ಅಂದುಕೊಳ್ಳುತ್ತಾರೆ. ತಲೆ ಬಾಗಿರುತ್ತದೆ, ಕಣ್ಣು ನೆಲದಲ್ಲಿ ನೆಟ್ಟಿರುತ್ತದೆ. ಸಂತೆಯಲ್ಲಿ ಗಡಿಗೆ ಕೊಳ್ಳುವ ಹೆಂಗಸು ಬೆರಳಿನಿಂದ ಬಾರಿಸಿ ನೋಡುವಂತೆ ನಾಲ್ಕು ಹೆಜ್ಜೆಗೊಮ್ಮೆ ಅವರ ಬಲಗಾಲ ಹಿಮ್ಮಡಿ ದಾರಿಯನ್ನು ಕುಟ್ಟಿ, ಒಳಗಿನ ಸದ್ದು ಕೇಳುತ್ತದೆ. ರಸ್ತೆ ಗ್ಯಾಂಗಿನಲ್ಲಿ ಮೂವತ್ತೊಂದು ವರ್ಷ ತಗ್ಗು ಮುಚ್ಚಿ ಅವರು ನಿವೃತ್ತರಾದರು. ಕಾಲಿಗೆ ಮಾತ್ರ ಆ ಆದೇಶ ಇನ್ನೂ ತಲುಪಿಲ್ಲ. ಮೈಮೇಲಿನ ಖಾಕಿ ಕೋಟಿನ ಜೇಬುಗಳು ತೊಡೆಯ ತನಕ ಜೋತುಬಿದ್ದಿವೆ. ವೀರರು ಬತ್ತಳಿಕೆಯಿಲ್ಲದೆ ಮನೆ ಬಿಡುವುದಿಲ್ಲ. ಖಾಸಿಂ ಸಾಬ್ ಜೇಬಿನಲ್ಲಿ ನಾಲ್ಕು ಕಲ್ಲಿಲ್ಲದೆ ಬಿಡುವುದಿಲ್ಲ. ಮಗಳು ಯಾಸ್ಮೀನಳ ನಿಕಾಹ್‌ಗೆ ನೀರಮಾನ್ವಿಯಿಂದ ಬರುತ್ತಿದ್ದ ಬೀಗರ ಟೆಂಪೋವನ್ನು ದಾರಿಯಲ್ಲೇ ತಡೆದು, ಅತ್ತರು ಪೂಸಿಕೊಂಡವರನ್ನೆಲ್ಲ ಕೆಳಗಿಳಿಸಿ, ಮುಂದಿದ್ದ ತಗ್ಗನ್ನು ಮುಚ್ಚಿದ ಮೇಲೇ ಅವರು ಸಲಾಂ ಹೇಳಿದ್ದು.

ಮಾನ್ವಿ, ದೇವದುರ್ಗಗಳ ನಡುವೆ, ಡಾಂಬರು ರಸ್ತೆಯಿಂದ ಮೂರು ಕಿಲೋಮೀಟರು ಒಳಗೆ ಅವರ ದೊಡ್ಡಿ, ಹತ್ತಾರು ಮನೆಗಳ ಪುಟ್ಟ ಊರು. ಅಲ್ಲಿಗೆ ಹೋಗುವ ದಾರಿ ಎರೆಮಣ್ಣಿನದು. ಮಳೆ ಬಿದ್ದರೆ ಚಪ್ಪಲಿ ಅಲ್ಲೇ ಉಳಿದು ಕಾಲಷ್ಟೇ ಮನೆ ಸೇರುತ್ತದೆ. ಬಸ್ಸು ಬರುವುದಿಲ್ಲ. ಬಸ್ಸಿಲ್ಲದ್ದರಿಂದ, ಹತ್ತನೆಯದನ್ನು ಒಳ್ಳೆಯ ಅಂಕಗಳಲ್ಲಿ ಮುಗಿಸಿದ ಮಗನ ಮಗಳು ಸೂಫಿಯಾ ಮಾನ್ವಿಯ ಕಾಲೇಜಿನ ಆಸೆ ಬಿಟ್ಟು ಹತ್ತಿ ಬಿಡಿಸುತ್ತಿದ್ದಳು.

ಹೋದ ವರ್ಷ ಹದಗೆಟ್ಟ ಹಳ್ಳಿ ರಸ್ತೆಗಳಿಗೆ ಸರ್ಕಾರದ ಅನುದಾನ ಬಂದಿದೆಯೆಂದೂ, ರಾಯಚೂರಿನಿಂದ ಸಾಹೇಬರು ನೋಡಲು ಬರುತ್ತಾರೆಂದೂ ಸುದ್ದಿಯಾಯಿತು. ಆಗ ನಡೆದದ್ದು ಈ ಸೀಮೆಯವರಿಂದ ಮಾತ್ರ ನಡೆಯಬಹುದಾದ ಪ್ರಮಾದ. ಬರುವವರು ಮೆಹಮಾನರು, ಅತಿಥಿಗಳು; ಮೆಹಮಾನರ ಜೀಪು ಕುಲುಕಬಹುದೇ? ಖಾಸಿಂ ಸಾಬ್ ಸೇನಾಧಿಪತಿಯಾದರು. ಎರಡು ದಿನ ಇಡೀ ದೊಡ್ಡಿ ಜಲ್ಲಿಯಂಥ ಗರಸು ಹೊತ್ತಿತು, ತಗ್ಗು ತುಂಬಿತು, ಕಣದ ರೋಣಗಲ್ಲನ್ನು ತಂದು ಉರುಳಿಸಿತು, ಮೇಲೆ ನೀರೂ ಚಿಮುಕಿಸಿತು. ಸಾಹೇಬರು ತೇಲಿದಂತೆ ಬಂದರು, ಚಹಾ ಕುಡಿದರು, ತೇಲಿದಂತೆ ಹೋದರು. ಹೋಗಿ ಬರೆದರು: ‘ರಸ್ತೆ ಸುಸ್ಥಿತಿಯಲ್ಲಿದೆ. ಅನುದಾನದ ಅಗತ್ಯವಿಲ್ಲ.’ ಮುಂದಿನ ಮಳೆಗೆ ಗರಸನ್ನು ಎರೆಮಣ್ಣು ನುಂಗಿ ನೀರು ಕುಡಿಯಿತು.

ಈ ವರ್ಷ ಮತ್ತೆ ತಪಾಸಣೆಯೆಂದು ಗೊತ್ತಾದ ದಿನವೇ ಪಂಚಾಯಿತಿ ಸದಸ್ಯೆ ವೆಂಕಮ್ಮ ಖಾಸಿಂ ಸಾಬರ ಅಂಗಳಕ್ಕೆ ಬಂದು ಕೂತಳು.

“ಖಾಸಿಂ ಮಾವಾ, ಅವ್ರು ಬಂದು ಹೋಗೂತನಕ ಒಂದು ಕಲ್ಲು ಸುದ್ದಾ ಮುಟ್ಟಬ್ಯಾಡ. ಮುಟ್ಟಿದ್ರ ಮೊಮ್ಮಗಳ ಓದಿಗೆ ನೀನಽ ಮಣ್ಣು ಹಾಕಿದಂಗ.”

“ಮಣ್ಣಲ್ಲವ್ವಾ, ಗರಸು,” ಎಂದರು ಒಳಗಿನಿಂದ ಹೆಂಡತಿ ಖತೀಜಾ ಬೀ. “ಇವ್ರು ಏನು ಹಾಕಿದ್ರೂ ಪಕ್ಕಾ ಹಾಕ್ತಾರ.”

ತಪಾಸಣೆಗೆ ಇನ್ನೂ ಎರಡು ತಿಂಗಳು! ಋಷಿಗಳು ಅನ್ನ ಬಿಟ್ಟದ್ದನ್ನು ಕೇಳಿದ್ದೇವೆ. ಖಾಸಿಂ ಸಾಬ್ ತಗ್ಗು ಬಿಟ್ಟರು. ದಾರಿಯಲ್ಲಿ ಮುಖ ತಿರುಗಿಸಿಕೊಂಡು ನಡೆದು ಎರಡು ಸಲ ಬಿದ್ದರು. ತಪಾಸಣೆಯ ಹಿಂದಿನ ದಿನ, ಹುಷಾರಿಗೆಂದು, ಅವರನ್ನು ರಾಯಚೂರಿಗೆ ಯಾಸ್ಮೀನಳ ಮನೆಗೆ ಸಾಗಹಾಕಲಾಯಿತು. ಆದರೆ ಮಗಳ ಓಣಿಯಲ್ಲಿದ್ದ ಅಷ್ಟೂ ತಗ್ಗು ಬೆಳಿಗ್ಗೆ ಏಳಕ್ಕೇ ಮುಗಿದುಹೋದದ್ದರಿಂದ, ಇನ್ನೇನು ಮಾಡಲೂ ತೋಚದೆ ಅವರು ಎಂಟರ ಬಸ್ಸು ಹತ್ತಿಬಿಟ್ಟರು.

ಕ್ರಾಸಿನಲ್ಲಿ ಇಳಿಯುವುದಕ್ಕೂ ಒಂದು ಜೀಪು ನಿಂತು ದೊಡ್ಡಿಯ ದಾರಿ ಕೇಳುವುದಕ್ಕೂ ಸರಿಹೋಯಿತು. ಒಳಗಿದ್ದವರು ಹೊಸ ಇಂಜಿನಿಯರು ಮಂಜುಳಾ. “ಹತ್ರೀ ಯಜಮಾನ್ರ, ತೋರಿಸ್ರಿ,” ಎಂದರು. ಬೇವಿನಮರದ ಬಳಿ ಜೀಪು ಅಚ್ಚಿನ ತನಕ ಹೂತಿತು. ದೊಡ್ಡಿ ಓಡಿ ಬಂತು. ಎಲ್ಲರ ಮುಖದಲ್ಲೂ ಗೆದ್ದ ಕಳೆ. ಮಂಜುಳಾ ಇಳಿದರು. ಒಂದು ಚಪ್ಪಲಿ ಕೆಸರಿನೊಳಗೇ ಉಳಿಯಿತು.

ಒಂಟಿಗಾಲಲ್ಲಿ ನಿಂತ ಮೆಹಮಾನರನ್ನು ಖಾಸಿಂ ಸಾಬ್ ನೋಡಿದರು. ಬೇಡ, ಬೇಡ ಎಂದು ಕಣ್ಣಲ್ಲೇ ಗದರಿಸುತ್ತಿದ್ದ ವೆಂಕಮ್ಮನನ್ನು ನೋಡಿದರು. ಹತ್ತಿಯ ಉಡಿ ಕಟ್ಟಿಕೊಂಡೇ ಓಡಿಬಂದಿದ್ದ ಸೂಫಿಯಾಳನ್ನು ನೋಡಿದರು. ಕೈ ಮಾತ್ರ ಯಾರನ್ನೂ ನೋಡದೆ ಜೇಬಿಗೆ ಹೋಯಿತು. ನಾಲ್ಕು ಕಲ್ಲು, ಬದುವಿನದು ಆರು, ಜೀಪು ಮೇಲೆದ್ದಿತು. ಆಮೇಲೆ ಅವರು ಬಗ್ಗಿ, ಒಂದೊಂದೇ ಕಲ್ಲನ್ನು ಕೆಸರಿನಿಂದ ಮರಳಿ ಕೀಳತೊಡಗಿದರು.

“ಏನ್ ಮಾಡಾಕತ್ತೀರಿ ಯಪ್ಪಾ? ನಾವು ವಾಪಸ್ ಹೋಗ್ಬೇಕಲ್ರೀ!” ಎಂದ ಡ್ರೈವರು.

“ಹೋಗೂ ಮುಂದ ಮತ್ತ ಇಡ್ತೀನಿ. ಈಗ ಮೇಡಮ್ಮೋರು ತಗ್ಗು ನೋಡ್ಲಿ.”

ಮಂಜುಳಾರಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸಿ ಕೇಳಿದರು: “ಹೋದ ವರ್ಷದ ಕಾಗದದಾಗ ರಸ್ತಿ ಚಂದ ಅದ ಅಂತ ಬರ್ದಾರಲ್ರೀ?”

ದೊಡ್ಡಿಗೆ ದೊಡ್ಡಿಯೇ ಖಾಸಿಂ ಸಾಬರತ್ತ ತಿರುಗಿತು.

“ಅವ್ರು ನೋಡಿದ್ದು ರಸ್ತಿ ಅಲ್ಲವ್ವಾ, ನಮ್ಮ ಮರ್ಯಾದಿ,” ಎಂದರು ಖಾಸಿಂ ಸಾಬ್. “ಮನಿಗೆ ಬರೋರ ಹಾದ್ಯಾಗ ತಗ್ಗು ಹೆಂಗ ಬಿಡೂದು? ಮುಚ್ಚಿದ್ವಿ. ಮಳಿ ಬಂತು, ಎಲ್ಲಾ ಹೋತು.”

ಮಂಜುಳಾ ಉಳಿದ ಚಪ್ಪಲಿಯನ್ನೂ ಕಳಚಿಟ್ಟು, ಟೇಪು ತೆಗೆದು, ಮೂರು ಕಿಲೋಮೀಟರನ್ನೂ ನಡೆದೇ ಅಳೆದರು. ಟೇಪಿನ ಇನ್ನೊಂದು ತುದಿ ಖಾಸಿಂ ಸಾಬರ ಕೈಯಲ್ಲಿ. ಪ್ರತಿ ತಗ್ಗಿನ ಆಳವನ್ನು ಟೇಪು ಹೇಳುವ ಮೊದಲೇ ಅವರು ಹೇಳುತ್ತಿದ್ದರು, ಒಂದಿಂಚೂ ತಪ್ಪಲಿಲ್ಲ. ಅನುದಾನ ಮಂಜೂರಾಯಿತು, ಡಾಂಬರು ಬಿತ್ತು, ಈಗ ಬೆಳಗಿನ ಎಂಟೂವರೆಯ ಬಸ್ಸಿನ ಕಿಟಕಿಯಲ್ಲಿ ಸೂಫಿಯಾ ಕೂತಿರುತ್ತಾಳೆ.

ಖಾಸಿಂ ಸಾಬರಂಥವರು ಈ ಸೀಮೆಯಲ್ಲಿ ಊರಿಗೊಬ್ಬರಾದರೂ ಸಿಗುತ್ತಾರೆ. ಬೇಡಬೇಕಾದ ದಿನವೂ ಬಡಿಸಲು ನಿಲ್ಲುವ ಜನ ಇವರು. ಮೈ ಕೆಂಡವಾಗಿದ್ದರೂ ಮಡಿಚಿಟ್ಟ ಅಂಗಿ ತೊಟ್ಟು ದವಾಖಾನೆಗೆ ಹೋಗುತ್ತಾರೆ, ಡಾಕ್ಟರು ಹೇಗಿದ್ದೀರಿ ಎಂದರೆ, “ಆರಾಮ ಅದೀನ್ರೀ, ನೀವು?” ಎನ್ನುತ್ತಾರೆ. ಅದು ಸುಳ್ಳಲ್ಲ, ಅವರು ಕಲಿತ ನಡತೆ. ಇಂಥವರ ಮಾತನ್ನು ಬರೆದುಕೊಂಡು ಎದ್ದುಹೋಗುವ ಡಾಕ್ಟರಿಗೆ ರೋಗ ಎಂದೂ ಸಿಗುವುದಿಲ್ಲ. ನಾಡಿ ಹಿಡಿದು ಒಂದು ಗಳಿಗೆ ಸುಮ್ಮನೆ ಕೂರಬೇಕು.