ಹಳೆಯ ಮುಚ್ಚಿಗೆಯ ಕೆಳಗೆ

ಇನ್ನೊಬ್ಬರ ಮನೆಯ ಸಾವಿನ ದಿನವನ್ನು ಬರೆಯಲು ನಾನು ಯಾರು ಎಂದು ಎಷ್ಟೋ ಸಲ ಪೆನ್ನು ಕೆಳಗಿಟ್ಟಿದ್ದೇನೆ. ತಪ್ಪು ಹೇಳಿದ್ದರೆ ಓದುವವರು ಮನ್ನಿಸಬೇಕು. ಹೇಳದೆ ಇರಲು ಮಾತ್ರ ಆಗಲಿಲ್ಲ.

ಸತ್ತವರ ಅಣ್ಣ ಅಪ್ಪಯ್ಯ ಗೋಡೆಗೆ ಮೊಳೆ ಹೊಡೆಯುತ್ತಿದ್ದರು. ತೀರಿಕೊಂಡ ತಮ್ಮ ಶಿವಶಂಕರಪ್ಪನವರನ್ನು ಲಿಂಗಾಯತರ ಪದ್ಧತಿಯಂತೆ ನಡುಮನೆಯಲ್ಲಿ ಗೋಡೆಗೆ ಒರಗಿಸಿ ಕೂರಿಸಿಯಾಗಿತ್ತು. ತಲೆ ಮುಂದಕ್ಕೆ ವಾಲದಂತೆ ಹಣೆಗೆ ಸುತ್ತಿದ ಬಟ್ಟೆಯನ್ನು ಬಿಗಿಯಲು ಮೊಳೆ ಬೇಕಿತ್ತು.

"ಮೆಲ್ಲಗೆ ಬಾವ," ಎಂದರು ಶಿವಶಂಕರಪ್ಪನವರ ಹೆಂಡತಿ ಸರ್ವಮಂಗಳಮ್ಮ.

"ಅವನಿಗೆ ಇನ್ನೇನು ನೋವಾಗುತ್ತೆ ತಾಯಿ."

ಸರ್ವಮಂಗಳಮ್ಮ ಗಂಡನನ್ನು ನೋಡುತ್ತಿರಲಿಲ್ಲ. ಮೇಲೆ ಎರಡು ಬಿಳಿ ಹಲಗೆಗಳ ನಡುವಿನ ಸಂದನ್ನು ನೋಡುತ್ತಿದ್ದರು. ಅದು ಆಗ ಕೂದಲೆಳೆಯಷ್ಟಿತ್ತು.

ಹೊತ್ತೇರಿದಂತೆ ಕೊಡ್ಲಿಪೇಟೆಯ ಅರ್ಧ ಬೀದಿ ಆ ನಡುಮನೆಯಲ್ಲಿ ಬಂದು ಕೂತಿತು. ತಾಳ, ದಮ್ಮಡಿ ಹಿಡಿದು ಭಜನೆಯವರೂ ಬಂದರು. ಮಠದ ಅಯ್ಯನವರು ಬರಬೇಕಿದ್ದ ಬಸ್ಸು ತಡವಾಗಿತ್ತು. ಕಾಯುವವರಿಗೆ ಮಾತು ಬೇಕಲ್ಲ, ಸತ್ತವರ ಕೈಕೆಲಸವನ್ನು ಹೊಗಳಿದರು. ಎರಡು ಕಾಗದದ ನಡುವೆ ಸುಣ್ಣದಂಥದ್ದು ತುಂಬಿದ ಪ್ಲಾಸ್ಟರ್ ಹಲಗೆಗಳನ್ನು ಮೈಸೂರಿನಿಂದ ಲಾರಿಯಲ್ಲಿ ತರಿಸಿ, ಹೊಗೆ ಹಿಡಿದ ಹಳೆಯ ಮರದ ಮುಚ್ಚಿಗೆಯ ಅಡಿಗೆ ಬಡಿದು ಮನೆ ಬೆಳ್ಳಗೆ ಮಾಡಿಕೊಡುತ್ತಿದ್ದವರು ಅವರು. ಆ ಬೀದಿಯಲ್ಲಿ ಅವರ ಕೈ ಸೋಕದ ಮನೆಗಳೇ ಕಡಿಮೆ.

"ನಮ್ಮನೇಲಿ ಹಲಗೆ ಹೊಡೆದ ಮೇಲೇ ನನ್ನ ಹೆಂಡ್ತಿ ಮುಖ ಸರಿಯಾಗಿ ಕಂಡಿದ್ದು," ಎಂದ ಪಕ್ಕದ ಜವಳಿ ಅಂಗಡಿಯ ಮಲ್ಲಪ್ಪ.

"ಕಂಡು ಏನ್ ಮಾಡ್ದೆ?"

"ದೀಪ ಸಣ್ಣ ಮಾಡ್ದೆ."

ನಗೆ ಟವೆಲ್ಲುಗಳ ಹಿಂದೆ ಅಡಗಿತು. ತಾಳ ಶುರುವಾಯಿತು. ನೆಲ ಅದುರಿದ ಹಾಗಾಯಿತು.

* * *

ಮಗಳ ನಿಶ್ಚಿತಾರ್ಥಕ್ಕೆ ಮೊದಲು ಶಿವಶಂಕರಪ್ಪನವರು ತಮ್ಮ ಮನೆಯ ಕೆಲಸಕ್ಕೇ ಇಳಿದಿದ್ದರು. ಬೆಂಚಿನ ಮೇಲೆ ನಿಂತು ಸುತ್ತಿಗೆಯ ಹಿಡಿಯಿಂದ ತೊಲೆ ತಟ್ಟಿದರು. ಕೆಳಗೆ ಲಾಂದ್ರ ಹಿಡಿದಿದ್ದ ಸರ್ವಮಂಗಳಮ್ಮನವರಿಗೆ ಒಣಗಿದ ಸೋರೆಬುರುಡೆಯ ಸದ್ದು ಕೇಳಿತು. ಗೆದ್ದಲಮಣ್ಣು ಕಣ್ಣಿಗೆ ಬಿತ್ತು.

"ಹಳೇದನ್ನ ಬಿಚ್ಚಿಬಿಡಿ," ಎಂದರು.

"ಬಿಚ್ಚಿದ್ರೆ ತೊಲೆ ಬದಲಾಯಿಸ್ಬೇಕು. ಬೀಗರು ಬರೋ ಹೊತ್ಗೆ ಮನೆ ಬೋಳಾಗಿರುತ್ತೆ. ಮಳೆಗಾಲ ಕಳೀಲಿ." ಆ ತೊಲೆಗೇ ಹಲಗೆ ಬಡಿಯಲು ಉದ್ದದ ಮೊಳೆ ಆರಿಸಿಕೊಂಡು, ದನಿ ತಗ್ಗಿಸಿದರು. "ಯಾರ ಹತ್ರಾನೂ ಅನ್ಬೇಡ. ನನ್ನ ಮನೇನೇ ಹಿಂಗೆ ಅಂತಾದ್ರೆ ನನ್ನ ಯಾರು ಕರೀತಾರೆ?"

ಮಳೆಗಾಲಗಳು ಕಳೆದವು. ಮಗಳ ಮದುವೆಯೂ ಆಯಿತು. ಹೆಂಡತಿ ಮಕ್ಕಳನ್ನೆಲ್ಲ ಒಳಕೋಣೆಯಲ್ಲಿ ಮಲಗಿಸಿ ನಡುಮನೆಯಲ್ಲಿ ಶಿವಶಂಕರಪ್ಪನವರೊಬ್ಬರೇ ಮಲಗುತ್ತಿದ್ದರು. ಗೊರಕೆಗೆ ಹೆದರಿ ಎಲ್ಲರೂ ಒಳಗೆ ಓಡಿದ್ದಾರೆ ಎಂದು ನೆಂಟರು ತಮಾಷೆ ಮಾಡುತ್ತಿದ್ದರು. ಅವರೂ ನಗುತ್ತಿದ್ದರು.

* * *

ಸಂದು ಈಗ ಬೆರಳು ತೂರುವಷ್ಟಾಗಿತ್ತು. ತಾಳದ ಒಂದೊಂದು ಪೆಟ್ಟಿಗೂ ಬಿಳಿ ಪುಡಿ ಉದುರುತ್ತಿತ್ತು. ಅದರ ನೇರ ಕೆಳಗೆ ಹೆಂಗಸರು ಮಕ್ಕಳನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದರು.

ಸರ್ವಮಂಗಳಮ್ಮ ಎದ್ದು, ಗಂಡನನ್ನು ಅಂಗಳದಲ್ಲಿ ಕೂರಿಸೋಣವೆಂದು ಬಾವನನ್ನು ಕೇಳಿದರು. ಕೂರಿಸಿದ ಮೇಲೆ ಅಯ್ಯನವರು ಬಂದು ಸತ್ತವರ ತಲೆಯ ಮೇಲೆ ಪಾದ ಇಡುವವರೆಗೆ ಅಲುಗಿಸುವಂತಿಲ್ಲ ಎಂದರು ಅಪ್ಪಯ್ಯ. ಕಾರಣವನ್ನೂ ಕೇಳಿದರು. ಕಾರಣ ಸರ್ವಮಂಗಳಮ್ಮನವರ ನಾಲಿಗೆಯ ತುದಿಯಲ್ಲಿತ್ತು. ಗಂಡನ ಹೆಸರು ಊರಿನವರ ಬಾಯಲ್ಲಿತ್ತು.

"ಹಂಗಾದ್ರೆ ನೀವೆಲ್ಲ ಹೊರಗೆ ಹೋಗಿ ಬಾವ. ಅವರ ಜೊತೆ ಒಂದು ಗಳಿಗೆ ನಾನೊಬ್ಳೇ ಕೂತ್ಕೋಬೇಕು."

ಅಂಥ ಮಾತಿಗೆ ಯಾರು ಎದುರಾಡುತ್ತಾರೆ? ಮಕ್ಕಳನ್ನು ಎತ್ತಿಕೊಂಡು ಹೆಂಗಸರು ಹೋದರು. ಭಜನೆ ಅಂಗಳಕ್ಕೆ ಹೋಯಿತು. ಕೊನೆಗೆ ಎದ್ದ ಮಲ್ಲಪ್ಪ ಹೆಗಲ ಮೇಲಿನ ಪುಡಿ ಕೊಡವಿಕೊಂಡ. ಸರ್ವಮಂಗಳಮ್ಮ ನೋಡುತ್ತಿದ್ದ ಕಡೆಗೆ ತಾನೂ ಕತ್ತೆತ್ತಿ ನೋಡಿದ. ಹೊರಗೆ ನಡೆದ.

ಅಯ್ಯನವರು ಬರುವ ತನಕ ಗಂಡ ಹೆಂಡತಿ ಇಬ್ಬರೇ ಆ ಸಂದಿನ ಕೆಳಗೆ ಕೂತಿದ್ದರು.

ಮಣ್ಣು ಮಾಡಿ ಬಂದ ಸಂಜೆ ಮಲ್ಲಪ್ಪ ಬಾಗಿಲ ಹೊರಗೇ ನಿಂತ.

"ಅಕ್ಕ, ನಮ್ಮನೇಲಿ ತೊಲೆ ತಟ್ಟಿ ನೋಡಿದ್ರಾ ಅವರು?"

ಸರ್ವಮಂಗಳಮ್ಮ ಕೈಯಲ್ಲಿದ್ದ ದೀಪವನ್ನು ಹೊಸ್ತಿಲ ಬಳಿ ಇಟ್ಟರು.

"ನಿಮ್ಮನೇಲಿ ದೀಪ ಹಿಡಿದಿದ್ದು ನಾನಲ್ಲ ಮಲ್ಲಪ್ಪ."

ಅವನು ಬೀದಿಗೆ ಇಳಿದ. ಮನೆ ಮನೆಯಲ್ಲೂ ದೀಪ ಹಚ್ಚುತ್ತಿದ್ದರು, ಬಿಳಿ ಹಲಗೆಗಳ ಕೆಳಗೆ ಚಾಪೆ ಬಿಡಿಸುತ್ತಿದ್ದರು. ಅವುಗಳಲ್ಲಿ ಎಷ್ಟು ಮನೆಗಳ ತೊಲೆಯನ್ನು ಶಿವಶಂಕರಪ್ಪನವರು ತಟ್ಟಿ ನೋಡಿದ್ದರೋ, ತಟ್ಟಿದಾಗ ಏನು ಕೇಳಿಸಿತ್ತೋ, ನನಗೆ ಗೊತ್ತಿಲ್ಲ.